ಪುಗಸಟ್ಟೆ ವಿದ್ಯಾಪೀಠದ ಸರ್

ಹೋದ ತಿಂಗಳು ಅಕ್ಕಲಕೋಟದಲ್ಲಿ ಅವರ ಶ್ರದ್ಧಾಂಜಲಿ ಸಭೆ ನಡೆದಾಗ ನನಗೂ ಐದು ನಿಮಿಷ ಕೊಟ್ಟಿದ್ದರು. ನಾನು ಎರಡೇ ನಿಮಿಷಕ್ಕೆ ಮುಗಿಸಿ ಕೂತುಬಿಟ್ಟೆ. ಈ ತಾಲೂಕಿನ ಮನೆಮನೆಗೆ ವಿದ್ಯಾಪೀಠವನ್ನು ತಂದವರು ಎಂದೆ, ಅದು ನಿಜ. ಒಬ್ಬರಿಂದಲೂ ಫೀ ಕೇಳದೆ ಓದಿಸಿದವರು ಎಂದೆ. ಅದರಲ್ಲಿ ಅರ್ಧ ನಿಜ, ಫೀ ಕೇಳಲಿಲ್ಲ. ಮುಂದಿನ ಸಾಲಿನಲ್ಲಿ ಕೂತ ಇಬ್ಬರು ಕಣ್ಣೊರೆಸಿಕೊಂಡರು. ನುಂಗಿಕೊಂಡ ಆ ಮೂರು ನಿಮಿಷದ ಮಾತು ಇನ್ನೂ ಬಾಕಿ ಇದೆ. ಅದನ್ನು ಇಲ್ಲಿ ಬರೆದು ಹಗುರಾಗುತ್ತೇನೆ.

ಹೆಸರು ಹೇಳುವುದಿಲ್ಲ. ಎಲ್ಲರೂ ಸರ್ ಎನ್ನುತ್ತಿದ್ದರು, ಇಲ್ಲೂ ಸರ್ ಎಂದೇ ಇರಲಿ. ಬಂದರು, ಹೋದರು, ಅಂದರು ಎಂದು ಮರ್ಯಾದೆಯಿಂದಲೇ ಬರೆಯುತ್ತೇನೆ. ಆ ಮರ್ಯಾದೆ ಅವರ ವಯಸ್ಸಿಗೆ, ಅವರಿಗಲ್ಲ.

ಅಕ್ಕಲಕೋಟದ ಒಂದು ಹೈಸ್ಕೂಲಿನಲ್ಲಿ ಮಾಸ್ತರರಾಗಿ ನಿವೃತ್ತರಾದ ಮೇಲೆ ಸರ್ ಒಂದು ಮುಕ್ತ ವಿದ್ಯಾಪೀಠದ ಅಭ್ಯಾಸ ಕೇಂದ್ರ ಹಿಡಿದರು. ಕಾಲೇಜಿಗೆ ಹೋಗದೆ, ಟಪಾಲಿನಲ್ಲಿ ಬಂದ ಪುಸ್ತಕ ಓದಿ, ಬೆಳಿಗ್ಗೆ ಟೀವಿಯಲ್ಲಿ ಬರುವ ಪಾಠ ಕೇಳಿ, ರವಿವಾರಕ್ಕೊಮ್ಮೆ ಕೇಂದ್ರಕ್ಕೆ ಬಂದು ಡಿಗ್ರಿ ಪಡೆಯುವ ವ್ಯವಸ್ಥೆ ಅದು. ನಾನಾಗ ಸೋಲಾಪುರದ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳುತ್ತಿದ್ದೆ, ನೌಕರಿ ಕಾಯಂ ಆಗಿರಲಿಲ್ಲ. ರವಿವಾರ ಎಸ್‌ಟಿ ಬಸ್ಸಿನಲ್ಲಿ ಅಕ್ಕಲಕೋಟಕ್ಕೆ ಹೋಗಿ ಸರ್ ಕೇಂದ್ರದಲ್ಲಿ ಪಾಠ ಹೇಳಿ ಬರುತ್ತಿದ್ದೆ. ನನ್ನನ್ನು ವರ್ಷ ವರ್ಷ ಇಟ್ಟುಕೊಳ್ಳುವುದು, ಬಿಡುವುದು ಅವರ ಕೈಯಲ್ಲಿತ್ತು.

ವಿಚಾರ ಕೆಟ್ಟದ್ದಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹತ್ತನೇ ಇಯತ್ತೆ ಮುಗಿಯುತ್ತಲೇ ಲಗ್ನವಾಗಿ ಹೋದ ಹೆಣ್ಣುಮಕ್ಕಳು, ಮಗ್ಗದ ಮುಂದೆ ನಿಂತೇ ಹರೆಯ ಕಳೆದ ಗಂಡಸರು, ಬಸ್ಸಿನ ಕಂಡಕ್ಟರು, ದುಕಾನದ ಗುಮಾಸ್ತ, ಇವರೆಲ್ಲ ಮನೆಯಲ್ಲೇ ಕೂತು ಓದಬಹುದು ಎನ್ನುವುದಕ್ಕಿಂತ ದೊಡ್ಡ ಮಾತು ನಮ್ಮ ಈ ಗಡಿಭಾಗದಲ್ಲಿ ಯಾರು ಆಡಿದ್ದರು? ಅದರ ಮೇಲೆ ತೊಂಬತ್ತರ ದಶಕದ ನಡುವಿನಿಂದ ಫೀ ಕೂಡ ಮಾಫಿಯಾಯಿತು. ಇಷ್ಟು ಒಳ್ಳೆಯ ವಿಚಾರ ಹೋಗಿ ಹೋಗಿ ಇಂಥವರ ಕೈಗೆ ಸಿಕ್ಕಿತಲ್ಲ ಎಂಬುದೇ ನನ್ನ ಸಿಟ್ಟು.

ಸರ್ ಹೇಗಿದ್ದರೆಂದರೆ, ಬೂದುಬಣ್ಣದ ಸಫಾರಿ, ಎಣ್ಣೆ ಹಚ್ಚಿ ಹಿಂದಕ್ಕೆ ಬಾಚಿದ ತಲೆ, ಹೆಗಲಿಗೆ ಒಂದು ಜೋಳಿಗೆ. ಜೋಳಿಗೆಯಲ್ಲಿ ಪುಸ್ತಕವಿರಲಿಲ್ಲ, ಪ್ರವೇಶದ ಫಾರ್ಮುಗಳಿದ್ದವು. ಮನುಷ್ಯರನ್ನು ಕಂಡರೆ ಅವರಿಗೆ ಮುಖ ಕಾಣುತ್ತಿರಲಿಲ್ಲ, ಒಂದು ಅಡ್ಮಿಶನ್ ಕಾಣುತ್ತಿತ್ತು. ಒಮ್ಮೆ ಸೋಲಾಪುರದಿಂದ ಇಬ್ಬರೂ ಒಂದೇ ಬಸ್ಸಿನಲ್ಲಿ ಹೊರಟೆವು. ಅರ್ಧ ದಾರಿಯ ವಳಸಂಗ ಬರುವಷ್ಟರಲ್ಲಿ ಪಕ್ಕದ ಸೀಟಿನ ಮುದುಕನನ್ನು, ಅವನ ಸೊಸೆಯನ್ನು, ಟಿಕೀಟು ಕೊಡಲು ಬಂದ ಕಂಡಕ್ಟರನನ್ನು ಬಿ.ಎ.ಗೆ ಸೇರಿಸಿಯಾಗಿತ್ತು. ಮುದುಕ ಗುಡಿಯ ದರ್ಶನಕ್ಕೆಂದು ಅಕ್ಕಲಕೋಟಕ್ಕೆ ಹೊರಟಿದ್ದ. ತಾನು ಯಾವ ಕಾಗದಕ್ಕೆ ಸಹಿ ಹಾಕಿದೆ ಎಂದು ಅವನಿಗೆ ಕೊನೆಯವರೆಗೂ ತಿಳಿದಿರಲಿಕ್ಕಿಲ್ಲ. ಗುಡಿಯವರೇ ಯಾರೋ ಇರಬೇಕು ಅಂದುಕೊಂಡು ಸರ್‌ಗೆ ಕೈಮುಗಿದು ಇಳಿದುಹೋದ.

ಹೀಗೆ ಸೇರಿದವರಲ್ಲಿ ದೀಪಾವಳಿಯ ಹೊತ್ತಿಗೆ ಕಾಲು ಭಾಗವೂ ಉಳಿಯುತ್ತಿರಲಿಲ್ಲ. ಉಳಿದವರಿಗೆ ಟಪಾಲಿನ ಪುಸ್ತಕ ಪರೀಕ್ಷೆ ಹತ್ತಿರ ಬಂದಾಗ ತಲುಪುತ್ತಿತ್ತು. ಟೀವಿಯ ಪಾಠ ಇಂಗ್ಲಿಷಿನಲ್ಲಿ, ಪುಸ್ತಕ ಮರಾಠಿಯಲ್ಲಿ, ಮನೆಯ ಮಾತು ಕನ್ನಡ. ಮೂರನ್ನೂ ಒಟ್ಟುಗೂಡಿಸಿ ತಿಳಿಸಿ ಹೇಳುವವರು ಬೇಕಿತ್ತು. ನಾನು ಕನ್ನಡದಲ್ಲಿ ವಿವರಿಸಲು ಶುರು ಮಾಡಿದರೆ ಸರ್ ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದರು. ಅವರ ಮನೆಯಲ್ಲೂ ಕನ್ನಡವೇ. ಆದರೆ ಕೇಂದ್ರದ ಹೊಸ್ತಿಲು ದಾಟಿದರೆ ಮರಾಠಿ, ಯಾರಾದರೂ ಮೇಲಿನವರು ಬಂದರೆ ಇಂಗ್ಲಿಷ್, ಜವಾನನನ್ನು ಬೈಯುವಾಗ ಮಾತ್ರ ಅಚ್ಚ ಕನ್ನಡ. ಇಷ್ಟು ಜನ ಬಿಟ್ಟುಹೋದರಲ್ಲ ಎಂದು ಒಮ್ಮೆ ಕೇಳಿದೆ. ಸರ್ ಹಾಜರಿ ಪುಸ್ತಕದ ಮೇಲೆ ಕೈಯಿಟ್ಟು, ಮುಕ್ತ ವಿದ್ಯಾಪೀಠದಲ್ಲಿ ಬಿಟ್ಟುಹೋಗುವುದು ಎನ್ನುವುದೇ ಇಲ್ಲ, ಎಲ್ಲರೂ ಇನ್ನೂ ಓದುತ್ತಲೇ ಇದ್ದಾರೆ ಎಂದರು. ಆ ಹೊತ್ತಿಗೆ ಪಟ್ಟಿಯಲ್ಲಿ ಒಬ್ಬಿಬ್ಬರು ತೀರಿಕೊಂಡವರೂ ಇದ್ದರು.

ಕೇಂದ್ರಕ್ಕೆ ವಿದ್ಯಾಪೀಠದವರು ಒಂದು ಟೀವಿ, ಒಂದು ವಿಸಿಆರ್, ಎರಡು ಡಜನ್ ಪಾಠದ ಕ್ಯಾಸೆಟ್ಟು ಕೊಟ್ಟಿದ್ದರು. ಟೀವಿಗೆ ಕಸೂತಿ ಹಾಕಿದ ಬಟ್ಟೆ ಹೊದಿಸಿ ಸರ್ ದಿನಾ ಊದಿನಕಡ್ಡಿ ಬೆಳಗುತ್ತಿದ್ದರು. ಅವರ ತಮ್ಮನ ಮಗಳ ಲಗ್ನ ಬಂತು. ಶೂಟಿಂಗಿನವನಿಗೆ ಕ್ಯಾಸೆಟ್ಟು ಕಡಿಮೆ ಬಿದ್ದವು. ಸರ್ ಕಪಾಟಿನಿಂದ ನಾಲ್ಕು ತೆಗೆದುಕೊಟ್ಟರು. ಪಾಠ ಅಳಿಯಬಾರದೆಂದು ಕ್ಯಾಸೆಟ್ಟಿನ ಅಂಚಿನ ಚಿಕ್ಕ ಪ್ಲಾಸ್ಟಿಕ್ಕನ್ನು ಮುರಿದು ಕಳಿಸಿರುತ್ತಾರೆ. ಆ ತೂತಿಗೆ ಅಂಟುಪಟ್ಟಿ ಹಚ್ಚಿದರೆ ಮತ್ತೆ ತುಂಬಿಸಬಹುದು ಎಂಬ ವಿದ್ಯೆ ಸರ್‌ಗೆ ಗೊತ್ತಿತ್ತು. ಅವರಿಗೆ ಪಕ್ಕಾ ಗೊತ್ತಿದ್ದ ವಿದ್ಯೆ ಅದೊಂದೇ ಎಂದು ಕಾಣುತ್ತದೆ. ಮುಂದಿನ ರವಿವಾರ ಅರ್ಥಶಾಸ್ತ್ರದ ಪಾಠಕ್ಕೆ ಬಂದು ಕೂತವರಿಗೆ ಐದು ನಿಮಿಷ ಬೇಡಿಕೆ ಪೂರೈಕೆಯ ಮಾತು ಕೇಳಿಸಿತು, ಆಮೇಲೆ ಅಕ್ಷತೆ ಬಿತ್ತು. ಜನ ಎದ್ದುಹೋಗಲಿಲ್ಲ. ವರನ ಕಡೆಯವರ ಸೀರೆ ಬಟ್ಟೆ ನೋಡುತ್ತ ಕೊನೆಯವರೆಗೂ ಕೂತರು. ಆ ದಿನದಷ್ಟು ಹಾಜರಿ ನನ್ನ ಪಾಠಕ್ಕೆ ಯಾವತ್ತೂ ಆಗಲಿಲ್ಲ.

ಸರ್ ದಡ್ಡರೆಂದು ಯಾರೂ ತಿಳಿಯಬಾರದು. ತಮ್ಮ ಕೊನೆಯ ವರ್ಷಗಳಲ್ಲಿ, ಸೋಲಾಪುರದಲ್ಲಿ ಹೊಸದಾಗಿ ಇಂಟರ್ನೆಟ್ ಅಂಗಡಿ ಶುರುವಾದಾಗ ಅಲ್ಲಿ ಗಂಟೆಗಟ್ಟಲೆ ಕೂತು, ಪರದೇಶದ ಯಾವುದೋ ವಿದ್ಯಾಪೀಠದ ಪಾಠದ ಪಟ್ಟಿಯನ್ನು ಪ್ರಿಂಟು ಹಾಕಿಸಿ ತಂದು ನೋಟೀಸ್ ಬೋರ್ಡಿಗೆ ಹಚ್ಚಿದ್ದರು. ಜಗತ್ತಿನ ದೊಡ್ಡ ದೊಡ್ಡ ವಿದ್ಯಾಪೀಠಗಳೆಲ್ಲ ಹತ್ತಿಪ್ಪತ್ತು ವರ್ಷದಲ್ಲಿ ಪುಗಸಟ್ಟೆಯಾಗಿ ಕಂಪ್ಯೂಟರಿನಲ್ಲಿ ಬರುತ್ತವೆ, ಇಲ್ಲೇ ಪಕ್ಕದ ಮೈಂದರ್ಗಿಯ ಮನುಷ್ಯ ಮೈಂದರ್ಗಿಯಲ್ಲೇ ಕೂತು ಲಂಡನ್ನಿನ ಪಾಠ ಕೇಳುತ್ತಾನೆ ಎಂದು ಹೇಳಿದ ಮೊದಲಿಗರು ನಮ್ಮಲ್ಲಿ ಅವರೇ. ಆ ಮಾತು ನಿಜವಾಗಲೂಬಹುದು. ನಾನು ಕೇಳಿದೆ, ಲಕ್ಷಗಟ್ಟಲೆ ಜನ ಬರೆದ ಉತ್ತರವನ್ನು ಓದುವವರು ಯಾರು ಸರ್?

"ಯಾಕ ಓದಬೇಕ್ರಿ?" ಅಂದರು. "ಮಷೀನ್ ಮಾರ್ಕ್ಸ್ ಹಾಕ್ತದ."

ಅವರ ಮಟ್ಟಿಗೆ ಆ ಮಷೀನು ಆಗಲೇ ಬಂದಿತ್ತು. ನಮ್ಮ ವಿದ್ಯಾರ್ಥಿಗಳು ಪ್ರತಿ ವಿಷಯಕ್ಕೂ ಮನೆಯಲ್ಲಿ ಒಂದು ದೀರ್ಘ ಉತ್ತರ ಬರೆದು ತರಬೇಕಿತ್ತು. ಸ್ವಾಧ್ಯಾಯ ಎಂದು ಅದಕ್ಕೆ ಹೆಸರು. ಅದಕ್ಕೆ ಇಪ್ಪತ್ತು ಮಾರ್ಕ್ಸು, ಹಾಕುವವರು ಸರ್. ಅವರು ಎಲ್ಲರಿಗೂ ಹದಿನೇಳು ಹಾಕುತ್ತಿದ್ದರು. ಹದಿನೆಂಟು ಹಾಕಿದರೆ ಮೇಲಿನವರಿಗೆ ಸಂಶಯ ಬರುತ್ತದೆ, ಹದಿನಾರು ಹಾಕಿದರೆ ಮಂದಿ ಬೇಜಾರಾಗುತ್ತಾರೆ ಎನ್ನುವುದು ಅವರ ಸಿದ್ಧಾಂತ. ನೋಟುಬುಕ್ಕಿನ ರಟ್ಟು ತೆರೆಯುವುದೂ ಇರಲಿಲ್ಲ, ಮೇಲೆಯೇ ಕೆಂಪು ಶಾಯಿಯಲ್ಲಿ ಬರೆದು ಒಂದು ದೊಡ್ಡ ಸಹಿ ಎಳೆಯುತ್ತಿದ್ದರು. ಬೇಳೆ ಆರಿಸುವ ಹೆಂಗಸರೂ ಇದಕ್ಕಿಂತ ಹೆಚ್ಚು ಕಣ್ಣಿಟ್ಟು ನೋಡುತ್ತಾರೆ.

ಆ ಹದಿನೇಳನ್ನು ಮೊದಲ ಸಲ ಪ್ರಶ್ನಿಸಿದವಳು ಕಸ್ತೂರಬಾಯಿ. ಮೈಂದರ್ಗಿಯ ಅಂಗನವಾಡಿಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಹೆಣ್ಣುಮಗಳು, ವಯಸ್ಸು ಮೂವತ್ತು ದಾಟಿತ್ತು. ಡಿಗ್ರಿಯಾದರೆ ಮೇಲ್ವಿಚಾರಕಿಯ ಹುದ್ದೆಗೆ ಅರ್ಜಿ ಹಾಕಬಹುದಿತ್ತು. ಅದಕ್ಕೆ ವಯಸ್ಸಿನ ಮಿತಿಯಿತ್ತು. ಮೂರು ವರ್ಷದ ಕೋರ್ಸು ಒಂದೇ ಏಟಿಗೆ ಮುಗಿದರೆ ಮಿತಿಯೊಳಗೆ ಬೀಳುತ್ತಿದ್ದಳು, ಒಂದು ವರ್ಷ ತಪ್ಪಿದರೂ ಮುಗಿಯಿತು. ಇದನ್ನು ಅವಳು ಸೇರಿದ ದಿನವೇ ನನಗೆ ಬೆರಳು ಮಡಚಿ ಲೆಕ್ಕ ಹಾಕಿ ಹೇಳಿದ್ದಳು. ಬೆಳಗಿನ ಬಸ್ಸಿಗೇ ಬಂದು ಕೇಂದ್ರದ ಬೀಗ ತೆಗೆಯುವುದನ್ನು ಕಾಯುತ್ತ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ಟೀವಿಯ ಇಂಗ್ಲಿಷ್ ಪಾಠದಲ್ಲಿ ತನಗೆ ತಿಳಿಯದ ಶಬ್ದಗಳನ್ನು ಕೇಳಿದ ಹಾಗೆ ಬರೆದುಕೊಂಡು ಬಂದು ನನಗೆ ತೋರಿಸುತ್ತಿದ್ದಳು.

ಮೊದಲ ವರ್ಷ ಅವಳ ನೋಟುಬುಕ್ಕಿಗೂ ಹದಿನೇಳು ಬಂತು. ಅವಳು ಅದನ್ನು ಎತ್ತಿಕೊಂಡು ಸರ್ ಟೇಬಲ್ಲಿನ ಹತ್ತಿರ ಹೋದಳು. ಹದಿನೇಳೆಂದರೆ ಫಸ್ಟ್ ಕ್ಲಾಸ್, ಮನೆಗೆ ಹೋಗಿ ಪೇಢೆ ಹಂಚಿರಿ ಬಾಯಿ ಎಂದರು ಸರ್.

"ಪೇಢೆ ಆಮ್ಯಾಲ ಹಂಚತೀನ್ರಿ. ಮೂರು ಮಾರ್ಕ್ಸ್ ಎಲ್ಲಿ ಹೋದುವು ಹೇಳ್ರಿ ಸರ್, ತಿದ್ಕೋತೀನಿ."

ಸರ್ ಮೊದಲ ಸಲ ರಟ್ಟು ತೆರೆದರು. ಎರಡು ಪುಟ ತಿರುವಿದರು. ಅಕ್ಷರ ಸ್ವಲ್ಪ ಸಣ್ಣವಾಗಿವೆ ಎಂದರು. ಮುಂದಿನ ಸಲ ಕಸ್ತೂರಬಾಯಿ ದೊಡ್ಡ ದೊಡ್ಡ ಅಕ್ಷರದಲ್ಲಿ ಬರೆದು ತಂದಳು, ಒಂದು ನೋಟುಬುಕ್ಕಿನ ಜಾಗದಲ್ಲಿ ಎರಡು ಹಿಡಿದವು. ಮತ್ತೆ ಹದಿನೇಳೇ ಬಂತು. ಅವಳು ಮತ್ತೆ ಕೇಳಲಿಲ್ಲ. ಅವಳು ನೋಟುಬುಕ್ಕನ್ನು ಚೀಲಕ್ಕೆ ಹಾಕಿಕೊಂಡ ರೀತಿ ನೋಡಿ ನನಗೆ ಸರ್ ಮೇಲೆ ಬಂದ ಹೇಸಿಗೆ ಇವತ್ತಿಗೂ ಹೋಗಿಲ್ಲ.

ಕೊನೆಯ ವರ್ಷ ಕುಟುಂಬದ ಬಗ್ಗೆ ಒಂದು ಪ್ರಶ್ನೆಯಿತ್ತು. ಅವಳು ಬರೆದದ್ದನ್ನು ಈ ಸಲ ನಾನೇ ಕೇಳಿ ತೆಗೆದುಕೊಂಡು ಸೋಲಾಪುರದ ಬಸ್ಸಿನಲ್ಲಿ ಓದಿದೆ. 'ನಾನು ಹನ್ನೊಂದು ವರ್ಷದಿಂದ ಮೈಂದರ್ಗಿಯಲ್ಲಿ ಅಂಗನವಾಡಿ ನಡೆಸುತ್ತಿದ್ದೇನೆ' ಎಂದು ಮರಾಠಿಯಲ್ಲಿ ಶುರುವಾಗಿತ್ತು. ಅವಳಲ್ಲಿಗೆ ಬರುವ ಒಂದು ಪುಟ್ಟ ಹುಡುಗಿ ಕೊಟ್ಟ ಉಪ್ಪಿಟ್ಟಿನಲ್ಲಿ ಅರ್ಧ ಮಾತ್ರ ತಿನ್ನುತ್ತಾಳೆ, ಉಳಿದರ್ಧವನ್ನು ಲಂಗದ ತುದಿಗೆ ಕಟ್ಟಿಕೊಂಡು ಮನೆಗೆ ಒಯ್ಯುತ್ತಾಳೆ. ಮನೆಯಲ್ಲಿ ಅಜ್ಜಿ ಬಾಗಿಲಲ್ಲೇ ನಿಂತು ಗಂಟು ಬಿಚ್ಚಿಸಿ ಹುಡುಗಿಯ ತಮ್ಮನಿಗೆ ತಿನ್ನಿಸುತ್ತಾಳೆ. ಹೆಚ್ಚೆಂದರೆ ಒಂದು ಹಿಡಿ ಉಪ್ಪಿಟ್ಟು, ಅದರಿಂದ ಹಿಡಿದು ಮನೆಯಲ್ಲಿ ಯಾರು ಮೊದಲು ಉಣ್ಣುತ್ತಾರೆ, ಯಾರು ಕೊನೆಗೆ, ಯಾಕೆ ಎನ್ನುವವರೆಗೆ ಹದಿನಾಲ್ಕು ಪುಟ. ನಾನು ಕಲಿಸಿದ ಯಾವ ಪುಸ್ತಕದಲ್ಲೂ ಕುಟುಂಬ ಹೀಗೆ ಕಂಡಿರಲಿಲ್ಲ. ಮುಂದಿನ ರವಿವಾರ ಅವಳ ಪಕ್ಕ ಕೂತು ಯಾವುದು ಗಟ್ಟಿಯಾಗಿದೆ, ಎಲ್ಲಿ ಅವಸರ ಮಾಡಿದ್ದಾಳೆ ಎಂದು ಪೆನ್ಸಿಲಿನಿಂದ ಗುರುತು ಹಾಕಿ ತೋರಿಸಿದೆ. ಮೂರು ವರ್ಷದಲ್ಲಿ ಅವಳು ಅಷ್ಟು ಖುಷಿಯಾಗಿ ನಕ್ಕಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಎರಡು ಪುಟ ಮತ್ತೆ ಬರೆದು ತಂದು ಕೊಟ್ಟಳು.

ಆಮೇಲೆ ನಾನೊಂದು ತಪ್ಪು ಮಾಡಿದೆ. ಸರ್ ಹತ್ತಿರ ಹೋಗಿ, ಈ ಕೇಂದ್ರ ಶುರುವಾದಾಗಿನಿಂದ ಓದಲು ಯೋಗ್ಯವಾದ ನೋಟುಬುಕ್ಕು ಇದೊಂದೇ ಎಂದು ಹೊಗಳಿದೆ. ಒಮ್ಮೆಯಾದರೂ ಓದಲಿ ಎಂಬ ಆಸೆ.

"ಹಂಗಂದ್ರ ಛಲೋ ಆತಲ್ರಿ," ಅಂದರು ಸರ್. ನೋಟುಬುಕ್ಕು ಜೋಳಿಗೆಗೆ ಹೋಯಿತು.

ಮರುದಿನ ಬಸ್ ಸ್ಟ್ಯಾಂಡಿನ ಮುಂದಿನ ಝೆರಾಕ್ಸ್ ಅಂಗಡಿಯಲ್ಲಿ ಅದರ ನಲವತ್ತು ಪ್ರತಿಯಾದವು. ಇದು ಆಗ ನನಗೂ ಗೊತ್ತಿರಲಿಲ್ಲ, ಕಸ್ತೂರಬಾಯಿಗೂ ಗೊತ್ತಿರಲಿಲ್ಲ. ಇನ್ನೂ ಏನೂ ಬರೆಯದೆ ಕೂತಿದ್ದ ನಲವತ್ತು ಜನರನ್ನು ಮನೆಗೆ ಕರೆಸಿ ಸರ್ ಒಂದೊಂದು ಪ್ರತಿ ಕೊಟ್ಟು, ಮಾದರಿ ಉತ್ತರ, ಒಂದು ಅಕ್ಷರ ಆಚೀಚೆ ಮಾಡಬೇಡಿ, ಮಾರ್ಕ್ಸು ಹೋಗುತ್ತದೆ ಎಂದು ಹೇಳಿದ್ದರು. ಅಕ್ಕಲಕೋಟದ ಮಂದಿಗೆ ಅಷ್ಟು ಹೇಳಿದರೆ ಸಾಕು. ಹರಕೆ ಹೊತ್ತು ದೇವರ ಚರಿತ್ರೆಯ ಪೋಥಿಯನ್ನು ಕೈಯಿಂದ ನಕಲು ಮಾಡುವ ರೂಢಿ ಅಲ್ಲಿ ಎಷ್ಟೋ ಮನೆಗಳಲ್ಲಿದೆ. ಒಂದು ಅಕ್ಷರ ಬದಲಾದರೂ ಪಾಪವೆಂದು ನಂಬಿದವರು. ಅದೇ ಭಕ್ತಿಯಿಂದ ಇದನ್ನೂ ಇಳಿಸಿದರು. ಮೀಸೆ ಹೊತ್ತ ಬಸ್ ಕಂಡಕ್ಟರ್ ತಾನು ಹನ್ನೊಂದು ವರ್ಷದಿಂದ ಮೈಂದರ್ಗಿಯಲ್ಲಿ ಅಂಗನವಾಡಿ ನಡೆಸುತ್ತಿದ್ದೇನೆ ಎಂದು ಬರೆದ. ಊರ ಜಮೀನಿನ ಲೆಕ್ಕ ಬರೆದು ನಿವೃತ್ತರಾದ ತಲಾಠಿ ಬರೆದರು. ಹೋಟೆಲಿನ ಮಾಲಕ ಬರೆದ. ಕಸ್ತೂರಬಾಯಿಯದೂ ಸೇರಿ ನಲವತ್ತೊಂದು ನೋಟುಬುಕ್ಕುಗಳ ಮೇಲೆ ಸರ್ ಹದಿನೇಳು ಹಾಕಿ, ಒಂದೇ ಗಂಟು ಕಟ್ಟಿ ವಿದ್ಯಾಪೀಠಕ್ಕೆ ಕಳಿಸಿದರು.

ನೋಟುಬುಕ್ಕುಗಳನ್ನು ಆ ಸಲ ಅಲ್ಲಿ ಯಾರೋ ತೆರೆದು ನೋಡಿಬಿಟ್ಟರು.

ವಿಚಾರಣೆಗೆ ಒಬ್ಬ ಸಾಹೇಬರು ಬಂದರು. ಸರ್ ಶಾಲು, ತೆಂಗಿನಕಾಯಿ, ಗುಡಿಯ ಪ್ರಸಾದ ಎಲ್ಲ ತಯಾರಿಟ್ಟಿದ್ದರು. ಸಾಹೇಬರು ಶಾಲನ್ನು ಮುಟ್ಟಲಿಲ್ಲ. ನಲವತ್ತೊಂದನ್ನೂ ಟೇಬಲ್ಲಿನ ಮೇಲೆ ಹರಡಿ, ಮೇಲಿನದೊಂದನ್ನು ಎತ್ತಿ ಓದಿ, ನೀವು ಅಂಗನವಾಡಿಯ ಬಾಯಿಯೇ ಎಂದು ಕಂಡಕ್ಟರನನ್ನು ಕೇಳಿದರು. ಅವನು ಅಕ್ಷರ ತನ್ನದೇ ಎಂದ. ತಲಾಠಿಯನ್ನು ಕೇಳಿದರೆ, ಅಭ್ಯಾಸ ಮಾಡಿಯೇ ಬರೆದಿದ್ದೇನೆ ಎಂದರು. ಸರ್ ಕೊಟ್ಟ ಪ್ರತಿಯೆಂದು ಒಬ್ಬರೂ ಬಾಯಿಬಿಡಲಿಲ್ಲ. ಆಗ ಸಾಹೇಬರು ಸರ್ ಕಡೆ ತಿರುಗಿ, ಇದರಲ್ಲಿ ಅಸಲು ಯಾವುದು ಎಂದರು. ಅಸಲು ಇಂಥವರದ್ದು ಎಂದರೆ ಅದು ಉಳಿದವರ ಕೈಗೆ ಹೇಗೆ ಬಂತೆಂದು ಹೇಳಬೇಕಾಗುತ್ತಿತ್ತು. ಸರ್ ಒಂದು ಗಳಿಗೆಯೂ ಯೋಚಿಸಲಿಲ್ಲ. ಬಾಜಾರದಲ್ಲಿ ಎಂಥೆಂಥದೋ ಗೈಡು ಬಂದಿವೆ, ಬಡವರು, ತಿಳಿಯದೆ ಎಲ್ಲರೂ ಅದರಿಂದಲೇ ಇಳಿಸಿದ್ದಾರೆ, ಅಸಲು ಎಂಬುದು ಇದರಲ್ಲಿ ಇಲ್ಲವೇ ಇಲ್ಲ ಎಂದರು. ಕೈ ಮುಗಿದೇ ಹೇಳಿದರು.

ಕಸ್ತೂರಬಾಯಿ ಹಿಂದಿನ ಬೆಂಚಿನಿಂದ ಎದ್ದಳು. ತಾನು ಗೈಡು ಕಣ್ಣಿಂದ ನೋಡಿದವಳಲ್ಲ, ಇದು ತಾನೇ ಬರೆದದ್ದು, ಇದರಲ್ಲಿರುವ ಹುಡುಗಿ ನಾಳೆ ಬೆಳಿಗ್ಗೆಯೂ ತನ್ನ ಅಂಗನವಾಡಿಗೆ ಬರುತ್ತಾಳೆ, ಬೇಕಾದರೆ ಸಾಹೇಬರು ಬಂದು ನೋಡಬೇಕು ಎಂದು ಮರಾಠಿಯಲ್ಲಿ ತಡವರಿಸದೆ ಹೇಳಿದಳು. ಸಾಹೇಬರು ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡರು. ಕೆಟ್ಟ ಮನುಷ್ಯರಲ್ಲ ಅವರು. ಆಮೇಲೆ ನನ್ನ ಕಡೆ ತಿರುಗಿ, ಇವರಿಗೆ ಪಾಠ ಹೇಳುವವರು ನೀವಲ್ಲವೆ, ಈ ಬಾಯಿ ಹೇಳುವುದು ಖರೆಯೇ ಎಂದು ಕೇಳಿದರು.

ನಾನು ಸರ್ ಮುಖ ನೋಡಿದೆ. ಸರ್ ನನ್ನ ಮುಖ ನೋಡಿದರು. ಮುಂದಿನ ವರ್ಷ ಪಾಠ ಹೇಳುವವರ ಪಟ್ಟಿ ಇನ್ನೂ ಆಗಿರಲಿಲ್ಲ. ನಲವತ್ತೊಂದೂ ಒಂದೇ ಥರ ಇವೆ, ಯಾವುದು ಯಾರದ್ದೆಂದು ಹೇಳುವುದು ಕಠಿಣ ಎಂದು ನಾನು ಹೇಳಿದೆ.

ಎಲ್ಲರ ಆ ವರ್ಷದ ರಿಸಲ್ಟು ರದ್ದಾಯಿತು, ಮುಂದಿನ ವರ್ಷ ಮತ್ತೆ ಬರೆಯಬಹುದು ಎಂದು ಸಾಹೇಬರು ತೀರ್ಪು ಕೊಟ್ಟರು. ಸರ್ ತಕ್ಷಣ ಎದ್ದು ನಿಂತು, ಅದಕ್ಕೂ ಫೀ ಇಲ್ಲ, ಸಂಪೂರ್ಣ ಮಾಫಿ ಎಂದು ಘೋಷಿಸಿದರು. ನಲವತ್ತು ಜನ ಚಪ್ಪಾಳೆ ತಟ್ಟಿದರು. ಅವರಿಗೆ ಈ ವರ್ಷವೇನು, ಮುಂದಿನ ವರ್ಷವೇನು. ಸಾಹೇಬರನ್ನು ಜೀಪಿಗೆ ಹತ್ತಿಸಿ ಬಂದ ಸರ್ ನನ್ನ ಹೆಗಲ ಮೇಲೆ ಕೈ ಹಾಕಿ ಚಹಾಕ್ಕೆ ಕರೆದರು. ನಾನು ಹೋದೆ. ಕುಡಿದೆ ಕೂಡ.

ಸ್ಟ್ಯಾಂಡಿಗೆ ಬಂದಾಗ ಕಸ್ತೂರಬಾಯಿ ಮೈಂದರ್ಗಿ ಬಸ್ಸಿಗೆ ಕಾಯುತ್ತ ನಿಂತಿದ್ದಳು. ತಪ್ಪಿಸಿಕೊಂಡು ಹೋಗಲು ಜಾಗವಿರಲಿಲ್ಲ. ಸರ್ ಎಂಥ ನೀಚ ಮನುಷ್ಯ ನೋಡಿದಿರಾ ಬಾಯಿ ಎಂದು ನಾನೇ ಮಾತು ತೆಗೆದೆ. ಬಹಳ ಹೊತ್ತು ಬೈದೆ. ಇಲ್ಲಿ ಬರೆದದ್ದನ್ನೆಲ್ಲ ಅವತ್ತು ಅವಳ ಮುಂದೆ ಇದಕ್ಕಿಂತ ಚೆನ್ನಾಗಿಯೇ ಹೇಳಿದ್ದೆ. ಬಸ್ಸು ಬಂತು. ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದಳು. ದನಿ ಏರಿಸಲಿಲ್ಲ.

"ಸರ್ ಓದಂಗಿಲ್ಲ ಅನ್ನೂದು ನನಗ ಮೊದಲನೇ ವರ್ಷನೇ ಗೊತ್ತಾಗಿತ್ರಿ. ಅವರ ಮ್ಯಾಲ ನನಗೇನೂ ಸಿಟ್ಟಿಲ್ಲ. ನೀವು ಓದಿದ್ರಿ."